ಕೂತಲ್ಲಿಂದಲೇ ಇಳಿಯುವ ಹಾಯಿ

ಪುಟ್ಟರಾಜು ಕಂಬದಿಂದ ಬಿದ್ದದ್ದು ೨೦೧೯ರ ಮೇ ತಿಂಗಳಲ್ಲಿ, ಮಳೆಗಾಳಿ ಹೊಡೆದ ಮಾರನೆಯ ಬೆಳಗ್ಗೆ. ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ, ಕಾವೇರಿ ಹಿನ್ನೀರಿನ ದಂಡೆಗೆ ಅಂಟಿಕೊಂಡಿರುವ ಅವನ ಊರಿನದೇ ಪಂಪ್‌ಸೆಟ್ ಲೈನು. ಹದಿನೇಳು ವರ್ಷ ಲೈನ್‌ಮನ್ ಆಗಿದ್ದವನಿಗೆ ಕಂಬ ಹತ್ತುವುದೆಂದರೆ ಮನೆಯ ಮೆಟ್ಟಿಲು ಹತ್ತಿದಷ್ಟೇ. ಆವತ್ತು ಹತ್ತಿದ ಕಂಬದ ಬುಡ ಮಾತ್ರ ಒಳಗೊಳಗೇ ಪುಡಿಯಾಗಿತ್ತು. ಕಂಬ ವಾಲುತ್ತಿರುವುದು ಅವನಿಗೆ ಗೊತ್ತಾಯಿತು. ಹಾರಿಕೊಳ್ಳೋಣವೆಂದರೆ ಸೊಂಟದ ಬೆಲ್ಟು ಕಂಬಕ್ಕೇ ಬಿಗಿದಿತ್ತು. ಕಂಬದ ಜೊತೆಗೇ ಗದ್ದೆಗೆ ಬಂದ.

ಮೈಸೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳು, ಮನೆಯ ಮಂಚದ ಮೇಲೆ ಏಳು ತಿಂಗಳು. ಸೊಂಟಕ್ಕೆ ರಾಡು ಹಾಕಿದರು. ಎಡಗಾಲಿನ ಮಂಡಿ ಮಡಚುವುದೇ ನಿಂತುಹೋಯಿತು. ಊರುಗೋಲು ಹಿಡಿದು ನಡೆಯಬಲ್ಲ, ಕಾಲು ಮುಂದಕ್ಕೆ ಚಾಚಿ ಕೂರಬಲ್ಲ, ಅಷ್ಟೆ. ವಿದ್ಯುತ್ ಕಂಪನಿಯವರು ಕೆಲಸದಿಂದ ತೆಗೆಯಲಿಲ್ಲ. ಹೋಬಳಿ ಆಫೀಸಿನಲ್ಲಿ ದೂರು ಬರೆದುಕೊಳ್ಳುವ ಫೋನಿನ ಮುಂದೆ ಕುರ್ಚಿ ಹಾಕಿ ಕೂರಿಸಿದರು.

ಆ ಕುರ್ಚಿಯಲ್ಲಿ ಅವನು ಸೊರಗಿದ. ಎದುರಿಗೆ ಒಂದು ಕಿಟಕಿ, ಕಿಟಕಿಯಾಚೆ ಕಾಂಪೌಂಡ್ ಗೋಡೆ. ಬೆಳಗ್ಗೆಯಿಂದ ಸಂಜೆಯವರೆಗೆ ಒಂದೇ ಮಾತು: "ಯಾವಾಗ್ಲಾ ಬತ್ತದೆ ಕರೆಂಟು?" ಫೋನಿನಲ್ಲಿ ರೈತರು ಎರಡು ಮಾತು ಹೇಳಿದರೆ ಸಾಕು, ಯಾವ ಕಂಬದಲ್ಲಿ ಯಾವ ಜಂಪರ್ ತಂತಿ ಕಳಚಿದೆ ಎಂದು ಅವನ ಕಣ್ಣಿಗೆ ಕಟ್ಟುತ್ತಿತ್ತು. ಅದನ್ನೇ ಚೀಟಿಯಲ್ಲಿ ಬರೆದುಕೊಡುತ್ತಿದ್ದ. ಏಣಿಯನ್ನು ಬೈಕಿಗೆ ಕಟ್ಟಿಕೊಂಡು ಬೇರೆಯವರು ಹೋಗುತ್ತಿದ್ದರು. ವಾಪಸು ಬಂದು, "ಅಣ್ಣ, ನೀ ಏಳ್ದಂಗೇ ಇತ್ತು ಕಣಣ್ಣ" ಎನ್ನುತ್ತಿದ್ದರು. ಅವರು ಹಾಗೆ ಹೊಗಳಿದ ದಿನ ಪುಟ್ಟರಾಜು ಮನೆಗೆ ಬಂದು ಊಟ ಮಾಡುತ್ತಿರಲಿಲ್ಲ.

ದೋಣಿಯ ಹುಚ್ಚು ಹಿಡಿದದ್ದು ಮಂಚದ ಮೇಲಿದ್ದಾಗ. ಕಂಬದ ತುದಿಯಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ, ಹಿನ್ನೀರಿನ ಆಚೆ ದಡದಲ್ಲಿ ಯಾರೋ ತರಬೇತಿಯವರು ಬಿಡುತ್ತಿದ್ದ ಹಾಯಿದೋಣಿಗಳು ಅವನಿಗೆ ಕಾಣುತ್ತಿದ್ದವು. ಕೊಕ್ಕರೆ ಕೂತ ಹಾಗೆ ಬೆಳ್ಳಗೆ, ಸದ್ದಿಲ್ಲದೆ ಓಡುತ್ತಿದ್ದವು. ಅಂಗಾತ ಮಲಗಿ ಮೊಬೈಲ್ ನೋಡುವಾಗ ಅಂಥದೇ ದೋಣಿಯನ್ನು ಮನೆಯಲ್ಲೇ ಕಟ್ಟುವವರ ವಿಡಿಯೋ ಸಿಕ್ಕಿತು. ಅವರಾಡುವ ಭಾಷೆ ಒಂದಕ್ಷರ ತಿಳಿಯಲಿಲ್ಲ. ಅವರ ಕೈಗಳನ್ನು ನೋಡಿಯೇ ಕಲಿತ. ಖಾಲಿ ಬಿದ್ದಿದ್ದ ರೇಷ್ಮೆಹುಳುವಿನ ಮನೆಯಲ್ಲಿ ಒಂದೂವರೆ ವರ್ಷ ಕೂತು, ನೀರು ತಡೆಯುವ ಪ್ಲೈವುಡ್ಡು ಕೊಯ್ದು, ಅಂಟು ಬಳಿದು ಹನ್ನೆರಡು ಅಡಿಯ ದೋಣಿ ಕಟ್ಟಿದ. ಹೆಂಡತಿ ರಂಜಿತ ಊರಿನವರಿಗೆ ರವಿಕೆ ಹೊಲಿದುಕೊಡುವವಳು. ಗಂಡ ಗೋಡೆ ನೋಡುತ್ತಾ ಕೂರುವುದು ತಪ್ಪಿತಲ್ಲ ಎಂದು ನೀಲಿ ಟಾರ್ಪಾಲಿನಲ್ಲಿ ಚೌಕದ ಹಾಯಿಯೊಂದನ್ನು ಹೊಲಿದುಕೊಟ್ಟಳು.

ಆ ಚೌಕದ ಹಾಯಿ ಅವನಿಗೆ ಮೊದಲ ದಿನವೇ ಅವಮಾನ ಮಾಡಿತು. ಪಡುವಣ ಗಾಳಿಗೆ ದೋಣಿ ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡಿತು. ಮುಕ್ಕಾಲು ಗಂಟೆಯಲ್ಲಿ ಪಾಂಡವಪುರ ತಾಲ್ಲೂಕಿನ ದಡ ಮುಟ್ಟಿದ. ಹಿಂದಕ್ಕೆ ಬರುವುದು ಹೇಗೆ? ಹುಟ್ಟು ಹಾಕಿ ಹತ್ತು ಮಾರು ಬಂದರೆ ಗಾಳಿ ಹನ್ನೆರಡು ಮಾರು ಹಿಂದಕ್ಕೆ ದಬ್ಬಿತು. ಕೊನೆಗೆ ಆಟೋ ಹಿಡಿದು, ಮೂವತ್ತು ಕಿಲೋಮೀಟರು ಸುತ್ತಿ ಊರಿಗೆ ಬಂದ. ದೋಣಿ ಮಾರನೆಯ ದಿನ ಟೆಂಪೋದಲ್ಲಿ ಬಂತು. ಗಾಳಿ ತನಗೆ ಬೇಕಾದ ಕಡೆ ತಳ್ಳಿ ಬಿಟ್ಟುಹೋಗುವುದಾದರೆ ತಾನೆಲ್ಲಿಗೂ ಹೋದಂತಾಗಲಿಲ್ಲ ಎನ್ನುವುದು ಅವನನ್ನು ಕೊರೆಯಿತು.

ಮಾರ್ಪಾಟಿನ ಕೆಲಸ ಅಲ್ಲಿಂದ ಶುರುವಾಯಿತು. ದೋಣಿಯ ನಡುವೆ ಸೀಳು ಮಾಡಿ, ಅದರ ಸುತ್ತ ಗೂಡು ಕಟ್ಟಿ, ನೀರಿಗೆ ಇಳಿಬಿಡುವ ಒಂದು ಹಲಗೆ ಕೂರಿಸಿದ. ಆ ಹಲಗೆ ಇಳಿದಿದ್ದರೆ ದೋಣಿ ಪಕ್ಕಕ್ಕೆ ಜಾರದು. ಹಾಯಿಯನ್ನು ಮುಕ್ಕೋನವಾಗಿ ಕತ್ತರಿಸಿ ಕೆಳಗೊಂದು ಬಿದಿರಿನ ಅಡ್ಡಗಳ ಕಟ್ಟಿದ. ಬಿದಿರಿನ ಹಾಯಿಕಂಬ ಓಲಾಡದಂತೆ ಮೂರು ಕಡೆಯಿಂದ ಉಕ್ಕಿನ ಸ್ಟೇ ವೈರು ಎಳೆದು ತಿರುಗಿಸಿದರೆ ತಂತಿ ಬಿಗಿಯಾಗುವ ಟರ್ನ್‌ಬಕಲ್ ಹಾಕಿ ಬಿಗಿದ. ಇದು ಅವನಿಗೆ ಯಾರೂ ಕಲಿಸಬೇಕಾದ ಕೆಲಸವಾಗಿರಲಿಲ್ಲ. ಬೆರಳಿನಿಂದ ತಂತಿ ಮೀಟಿ, ಸದ್ದು ಕೇಳಿಯೇ ಬಿಗಿ ಸಾಲದು ಎನ್ನುತ್ತಿದ್ದ. ತುದಿಯಲ್ಲಿ ಹಾಯಿ ಎತ್ತುವ ಹಗ್ಗಕ್ಕೆ ಹಾಳುಬಾವಿಯ ಹಳೆ ಕಬ್ಬಿಣದ ರಾಟೆ ಕಟ್ಟಿದ. ಈಗ ದೋಣಿ ಎದುರುಗಾಳಿಗೂ ಓರೆಯಾಗಿ ಸಾಗುತ್ತಿತ್ತು. ಏರು ಹತ್ತುವಾಗ ಎತ್ತುಗಳು ಗಾಡಿಯನ್ನು ಅತ್ತಿತ್ತ ಓರೆ ಹಿಡಿದು ಎಳೆಯುವುದಿಲ್ಲವೇ, ಹಾಗೆ. ಎರಡು ಭಾನುವಾರ ಹೋಗಿ, ಹೋದ ದಡಕ್ಕೇ ವಾಪಸು ಬಂದ. ಆ ಎರಡು ವಾರ ಫೋನಿನ ಮುಂದೆ ಕೂತಾಗಲೂ ಅವನ ಮುಖ ಕಳೆಕಳೆಯಾಗಿತ್ತು.

ಮೂರನೆಯ ಭಾನುವಾರ ೨೦೨೨ರ ಆಗಸ್ಟಿನಲ್ಲಿ ಬಂತು. ಅಣೆಕಟ್ಟೆ ತುಂಬಿತ್ತು. ಹತ್ತು ಗಂಟೆಗೆ ತಣ್ಣಗಿದ್ದ ಗಾಳಿ ಹನ್ನೊಂದಕ್ಕೆ ಒಮ್ಮೆಲೇ ಎದ್ದಿತು. ಹಾಯಿ ಇಳಿಸಬೇಕು. ಇಳಿಸಲು ಬಿಚ್ಚಬೇಕಾದ ಹಗ್ಗ ಕಟ್ಟಿದ್ದು ಹಾಯಿಕಂಬದ ಬುಡಕ್ಕೆ, ಅವನು ಕೂತಿದ್ದು ಹಿಂದೆ ಚುಕ್ಕಾಣಿಯ ಹತ್ತಿರ. ನಡುವೆ ಆರು ಅಡಿ. ಎರಡು ಕಾಲೂ ಸರಿಯಿದ್ದವನಿಗೆ ಅದೊಂದು ಹೆಜ್ಜೆ. ಪುಟ್ಟರಾಜು ಚುಕ್ಕಾಣಿ ಬಿಟ್ಟು, ಕಾಲೆಳೆದುಕೊಂಡು ತೆವಳಿದ. ಹಗ್ಗ ಬಿಚ್ಚಿದ. ಹಾಯಿ ಇಳಿಯಲಿಲ್ಲ. ಜಗ್ಗಿದ, ನೇತುಬಿದ್ದ. ತುದಿಯಲ್ಲಿ ಹಗ್ಗ ರಾಟೆಯ ಚಕ್ರದಿಂದ ಹೊರಗೆ ಹಾರಿ, ಚಕ್ರಕ್ಕೂ ಪಕ್ಕದ ಕಬ್ಬಿಣಕ್ಕೂ ನಡುವೆ ಕಚ್ಚಿಕೊಂಡಿತ್ತು. ಹದಿನಾಲ್ಕು ಅಡಿ ಎತ್ತರ. ಹತ್ತಿ ಬಿಡಿಸುವುದು ಅರ್ಧ ನಿಮಿಷದ ಕೆಲಸವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಿಡಿಯುವವರಿಲ್ಲದ ದೋಣಿ ಅಷ್ಟರಲ್ಲಿ ಗಿರ್ರನೆ ತಿರುಗಿತು. ಅಡ್ಡಗಳ ಈ ಕಡೆಯಿಂದ ಆ ಕಡೆಗೆ ಬೀಸಿ ಭುಜಕ್ಕೆ ಬಡಿಯಿತು. ಬಿದ್ದವನ ಎಡಗಾಲು ಕೂರುವ ಹಲಗೆಗೂ ನಡುವಿನ ಗೂಡಿಗೂ ಮಧ್ಯೆ ತೂರಿಕೊಂಡು ಕಚ್ಚಿ ನಿಂತಿತು. ಮಡಚಿದರೆ ಹೊರಬಂದೀತು, ಮಂಡಿ ಮಡಚುವುದಿಲ್ಲ. ದೋಣಿ ಅರ್ಧ ನೀರು ತುಂಬಿಕೊಂಡು, ಇಳಿಯದ ಹಾಯಿಯ ಜೊತೆ ಇನ್ನೂ ಅರ್ಧ ಗಂಟೆ ತನಗೆ ತೋಚಿದ ಕಡೆ ಓಡಿತು. ನೀರು ಕಡಿಮೆಯಿದ್ದ ವರ್ಷಗಳಲ್ಲಿ ಹಿನ್ನೀರಿನ ಬಯಲಲ್ಲಿ ಹುಟ್ಟಿ ಬೆಳೆದು, ಈಗ ಮುಳುಗಿದ್ದ ಜಾಲಿಮರಗಳ ನೆತ್ತಿಗೆ ಹೋಗಿ ಸಿಕ್ಕಿಕೊಂಡಿತು. ಹಾಯಿ ಮುಳ್ಳಿಗೆ ಸಿಕ್ಕಿ ಹರಿದ ಮೇಲೆ ಎಲ್ಲ ನಿಂತಿತು.

ಸೊಂಟದವರೆಗೆ ನೀರಿನಲ್ಲಿ ಕೂತು ಅವನು ಸುತ್ತ ನೋಡಿದ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ದಡವಿರಲಿಲ್ಲ. ಮೊಬೈಲು ಪ್ಲಾಸ್ಟಿಕ್ ಚೀಲದಲ್ಲಿ ಕೊರಳಿಗೆ ನೇತುಬಿದ್ದಿತ್ತು. ರಂಜಿತಳಿಗೆ ಫೋನ್ ಮಾಡಲು ಧೈರ್ಯ ಬರಲಿಲ್ಲ. ಬೆರಳಿಗೆ ಬಂದ ನಂಬರು ಆಫೀಸಿನದು. ಭಾನುವಾರ ಅವನ ಕುರ್ಚಿಯಲ್ಲಿ ಕೂರುತ್ತಿದ್ದವನು ನಿವೃತ್ತಿಗೆ ಹತ್ತಿರವಾದ ದೇವಯ್ಯ.

"ಅಲೋ, ಯಾವೂರು?"

"ದೇವಯ್ಯಣ್ಣ, ನಾನು ಪುಟ್ಟರಾಜು. ಇನ್ನೀರ್ನಲ್ಲಿ ಸಿಕ್ಕಾಕ್ಕಂಡಿವ್ನಿ. ಬೋಟು ಮರದ ಮ್ಯಾಲೆ ಕೂತದೆ, ಕಾಲು ಒಳಗ್ ಸಿಕ್ಕದೆ."

"ಎಲ್ಲಿ ಅಂತ ಸರ್ಯಾಗ್ ಏಳ್ಲಾ. ಪಕ್ಕದಲ್ಲಿ ಏನದೆ?"

"ನೀರದೆ."

"ಅದ್ರ ಪಕ್ಕದಲ್ಲಿ?"

ಪುಟ್ಟರಾಜುವಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ದಿನಕ್ಕೆ ನಲವತ್ತು ಸಲ ಅವನೇ ಕೇಳುತ್ತಿದ್ದ ಪ್ರಶ್ನೆಯದು. "ಅದ್ರ ಪಕ್ಕದಲ್ಲೂ ನೀರೇ ಕಣಣ್ಣ. ಮೀನಿಡಿಯೋ ನರಸಯ್ಯಂಗೆ ಫೋನ್ ಮಾಡು. ಜಾಲಿ ತೋಪು ಅಂದ್ರೆ ಅವ್ನಿಗೆ ಗೊತ್ತಾಯ್ತದೆ."

ನರಸಯ್ಯ ತೆಪ್ಪ ಹಾಕಿಕೊಂಡು ಬರುವ ಹೊತ್ತಿಗೆ ನಾಲ್ಕು ಗಂಟೆ ದಾಟಿತ್ತು. ಅಷ್ಟು ಹೊತ್ತೂ ಪುಟ್ಟರಾಜು ಒಂದು ಕೈಯಲ್ಲಿ ಸ್ಟೇ ವೈರು ಹಿಡಿದು ಕೂತಿದ್ದ. ಕಾಲು ಮೊದಲು ನೋಯಿತು, ಆಮೇಲೆ ಜೋಮು ಹಿಡಿಯಿತು, ಆಮೇಲೆ ತನ್ನದಲ್ಲವೆನ್ನಿಸಿತು. ಕಂಬದಿಂದ ಬೀಳುವಾಗಲೂ ಹೀಗೇ ಆಗಿತ್ತೆಂದು ಅವನಿಗೆ ಹೊಳೆಯಿತು. ಆವತ್ತಿನ ಬೆಲ್ಟೂ ತಾನೇ ಬಿಗಿದುಕೊಂಡದ್ದು, ಇವತ್ತಿನ ಗೂಡೂ ತಾನೇ ಕಟ್ಟಿದ್ದು. ಸಿಕ್ಕಿಹಾಕಿಸಿದವರು ಬೇರೆ ಯಾರಾದರೂ ಇದ್ದಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

"ಏನ್ಲಾ ಪುಟ್ರಾಜ, ನೀರಿನ್ ಮಧ್ಯಕ್ಕೆ ಬಂದು ಮರ ಅತ್ತಿದ್ದೀಯಲ್ಲಾ?" ಎಂದ ನರಸಯ್ಯ. ಕಾಲು ನೋಡಿದ ಮೇಲೆ ತಮಾಷೆ ಬಿಟ್ಟ. ತೆಪ್ಪದಿಂದ ಮಚ್ಚು ತೆಗೆದ.

"ಕಡೀಬೇಡ ಕಣಣ್ಣ," ಪುಟ್ಟರಾಜು ಅವನ ಕೈ ಹಿಡಿದ. "ಗೂಡಿಗೆ ಎರಡು ಬೋಲ್ಟವೆ. ಮುಂದ್ಗಡೆ ಡಬ್ಬದಲ್ಲಿ ಸ್ಪಾನರ್ರದೆ. ನಂಗೆಟುಕ್ತಿಲ್ಲ."

"ಕಾಲು ಓಯ್ತಾ ಇರೋವಾಗ ಬೋಟಿನ್ ಚಿಂತೆ ನಿಂಗೆ!"

ಆದರೂ ನರಸಯ್ಯ ನೀರಿನೊಳಗೆ ಕೈಯಾಡಿಸಿ ಎರಡು ಬೋಲ್ಟನ್ನೂ ಬಿಚ್ಚಿದ. ಕಾಲು ಹೊರಗೆ ಬಂತು, ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಆವತ್ತು ರಂಜಿತ ಕಿರುಚಾಡಲಿಲ್ಲ. ಕಾಲಿಗೆ ಬಿಸಿನೀರಿನ ಶಾಖ ಕೊಟ್ಟಳು, ಊಟಕ್ಕಿಟ್ಟಳು. ಎರಡು ದಿನ ಬಿಟ್ಟು, ಹರಿದ ನೀಲಿ ಹಾಯಿಯನ್ನು ಎಳೆದುಕೊಂಡು ಹೋಗಿ ಹುಲ್ಲಿನ ಮೆದೆಗೆ ಹೊದೆಸಿ, ನಾಲ್ಕು ಮೂಲೆಗೂ ಕಲ್ಲು ಕಟ್ಟಿದಳು. ಪುಟ್ಟರಾಜು ಬಾಗಿಲಲ್ಲಿ ನಿಂತು ನೋಡಿದ.

"ಆಫೀಸ್ನಲ್ಲೂ ಕಟ್ಟಾಕವ್ರೆ, ಮನೇಲೂ ಕಟ್ಟಾಕು," ಎಂದ.

ಅವಳು ಕೈಯಲ್ಲಿದ್ದ ಕಲ್ಲು ಕೆಳಗಿಟ್ಟಳು. "ಒಂಬತ್ತು ತಿಂಗ್ಳು ನಿಮ್ಮ ಮಂಚದ ಪಕ್ಕದಲ್ಲೇ ಬಿದ್ದಿದ್ದೆ. ನಮ್ಮಕ್ಕನ ಮಗಳ ಮದ್ವೆಗೆ ಓಗ್ನಿಲ್ಲ. ಈಗ್ಲೂ ನೀವು ಆಚೆ ಕಾಲಿಟ್ರೆ ಯಾವಾಗ ಯಾರ ಫೋನ್ ಬತ್ತದೋ ಅಂತ ಮಿಷನ್ ಮುಂದೆ ಕಾಯ್ತಾ ಕೂತಿರ್ತೀನಿ. ಕಟ್ಟಾಕವ್ರೆ, ಕಟ್ಟಾಕವ್ರೆ ಅಂತ ದಿನಾ ಅಂತೀರಲ್ಲ, ನನ್ನೇನು ಬುಟ್ಟವ್ರಾ?"

ಮೂರು ವರ್ಷದಲ್ಲಿ ಅವಳು ನಾಗಮಂಗಲ ತಾಲ್ಲೂಕಿನ ಹೊಣಕೆರೆಯಲ್ಲಿರುವ ಅಕ್ಕನ ಮನೆಗೆ ಒಂದು ರಾತ್ರಿಗೂ ಹೋಗಿರಲಿಲ್ಲವೆಂಬುದು ಆಗಲೇ ಅವನ ಲೆಕ್ಕಕ್ಕೆ ಬಂದದ್ದು.

ಮಾರನೆಯ ವರ್ಷ ಮಳೆ ಕೈಕೊಟ್ಟಿತು. ಹಿನ್ನೀರು ಊರಿನಿಂದ ದೂರ ಸರಿಯುತ್ತಾ ಹೋಗಿ, ಕೊನೆಗೆ ಬಿಸಿಲಿಗೆ ಮಿನುಗುವ ಒಂದು ಗೆರೆಯಾಯಿತು. ನರಸಯ್ಯ ಎಳೆತಂದುಕೊಟ್ಟಿದ್ದ ದೋಣಿ ರೇಷ್ಮೆಮನೆಯಲ್ಲಿ ಬೋರಲು ಬಿದ್ದಿತ್ತು. ಒಂದು ಭಾನುವಾರ ಪುಟ್ಟರಾಜು ಹಾಯಿಕಂಬವನ್ನು ಹಿತ್ತಲಿಗೆ ತಂದು, ಕಲ್ಲಿನ ಬಾನಿಯ ಪಕ್ಕ ನಿಲ್ಲಿಸಿ, ಮೂರು ಗೂಟ ಹೊಡೆದು ಸ್ಟೇ ವೈರು ಬಿಗಿದ. ಕಂಬದಿಂದ ಆರು ಅಡಿ ಹಿಂದಕ್ಕೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕಾಲು ಚಾಚಿ ಕೂತ. ಇನ್ನು ಮುಂದೆ ಹಾಯಿ ಇಳಿಸಲು ತಾನು ಏಳಬಾರದು, ಎಲ್ಲ ಹಗ್ಗವೂ ತಾನು ಕೂತಲ್ಲಿಗೇ ಬರಬೇಕು ಎಂದು ತೀರ್ಮಾನಿಸಿದ್ದ. ಮೇಲಿನಿಂದ ಇಳಿದು ಬರುವ ಹಗ್ಗವನ್ನು ಕಂಬದ ಬುಡದಲ್ಲಿ ಇನ್ನೊಂದು ರಾಟೆ ಸುತ್ತಿಸಿ ಕುರ್ಚಿಗೆ ತಂದ. ಹಾಯಿ ತಾನಾಗಿ ಬೀಳಲೆಂದು ಕಾಯದೆ ಕೆಳಕ್ಕೆ ಜಗ್ಗಲು, ಅದರ ನೆತ್ತಿಗೆ ಸಣ್ಣದೊಂದು ಇಳಿಹಗ್ಗವನ್ನೂ ಕಟ್ಟಿದ. ಹಾಯಿ ಕೇಳಲು ಬಾಯಿ ಬರದೆ, ತಂತಿಯ ಮೇಲೆ ಒಣಗುತ್ತಿದ್ದ ಹಳೆ ಸೀರೆಯನ್ನೇ ಕಟ್ಟಿ ಎತ್ತಿದ.

ಬೇಲಿಯಾಚೆ ಹೋಗುವವರು ನಿಂತು ನಕ್ಕರು. ರಂಜಿತ ಹೊರಗೆ ಬಂದಳು.

"ಅಯ್ಯೋ, ನನ್ ಸೀರೆ ಊರಿಗೇ ಕಾಣ್ತಾದೆ, ಇಳ್ಸಿ ಮೊದ್ಲು!"

ಇಳಿಸಲು ಜಗ್ಗಿದ. ಸಿಕ್ಕಿಕೊಂಡಿತು. ಆಚೆಯವರು ಇನ್ನೂ ನಕ್ಕರು. ಅವಳು ನಗಲಿಲ್ಲ, ಸೆರಗು ಸಿಕ್ಕಿಸಿಕೊಂಡು ಕಂಬದ ಬುಡಕ್ಕೆ ಬಂದು ಕತ್ತೆತ್ತಿ ನೋಡಿದಳು. ಹಗ್ಗ ಅಲ್ಲಾಡಿಸಿ ಬಿಡಿಸಿದ ಮೇಲೆ, "ಇನ್ನೊಂದ್ಸಲ ಎತ್ತಿ" ಎಂದಳು. ಎತ್ತಿದ, ಇಳಿಸಿದ. ಎಂಟು ಸಲ ಸರಿಯಾಗಿ ಬಂತು, ಒಂಬತ್ತನೆಯದು ಮತ್ತೆ ಕಚ್ಚಿತು.

"ಹಗ್ಗ ಸಡ್ಲ ಆದಾಗ ಆಚೆಗ್ ಆರ್ತದೆ," ಎಂದಳು ರಂಜಿತ. "ನಮ್ ಮಿಷನ್ನಲ್ಲೂ ಇಂಗೇ. ದಾರ ಸಡ್ಲ ಆದ್ರೆ ಬೇರೆ ಕಡೆ ಸುತ್ಕತದೆ. ಅದಕ್ಕೇ ದಾರ ಆಚೆ ಓಗ್ದಂಗೆ ಒಂದು ಕೊಕ್ಕೆ ಮಡಗಿರ್ತಾರೆ. ನಿಮ್ ರಾಟೆಗೆ ಎಲ್ಲದೆ ಕೊಕ್ಕೆ?"

ಎಷ್ಟು ವಿಡಿಯೋ ನೋಡಿದ್ದರೂ ಅವನ ತಲೆಗೆ ಬಂದಿರದ ಮಾತು. ಬಾವಿಯ ರಾಟೆಯನ್ನು ಅವತ್ತೇ ತೆಗೆದ. ಕೆ.ಆರ್.ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಕೂತು, ಸರಿಯುವ ಗೇಟಿಗೆ ಹಾಕುವ ನೈಲಾನ್ ಚಕ್ರವನ್ನು ಎರಡು ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಉಗುರೂ ತೂರದಷ್ಟು ಒತ್ತಾಗಿ ಕೂರಿಸಿದ. ಚಕ್ರದ ಮೇಲೆ, ಹಗ್ಗದ ದಪ್ಪದಷ್ಟೇ ಜಾಗ ಬಿಟ್ಟು, ಅಡ್ಡಕ್ಕೊಂದು ಬೋಲ್ಟು ಹಾಕಿಸಿದ. ಹಗ್ಗಕ್ಕೆ ಇನ್ನು ಹಾರಲು ದಾರಿಯಿರಲಿಲ್ಲ.

ಮೆದೆಯ ಮೇಲಿದ್ದ ಹಾಯಿಯನ್ನು ರಂಜಿತಳೇ ಇಳಿಸಿ ತಂದಳು. ಮುಳ್ಳಿಗೆ ಹರಿದಿದ್ದಕ್ಕೆ ತೇಪೆ ಹಾಕಿದಳು. ಗಾಳಿ ಜಾಸ್ತಿಯಾದರೆ ಕೆಳಭಾಗವನ್ನು ಮಡಿಸಿ ಕಟ್ಟಿ ಹಾಯಿಯನ್ನೇ ಚಿಕ್ಕದು ಮಾಡಿಕೊಳ್ಳುವುದಕ್ಕೆ, ಅಡ್ಡಡ್ಡವಾಗಿ ಎರಡು ಸಾಲು ದಪ್ಪ ಪಟ್ಟಿ ಹೊಲಿದು, ಹಗ್ಗ ತೂರಿಸಲು ಕಣ್ಣು ಹಾಕಿಸಿದಳು. ಹೊಲಿಗೆ ಮುಗಿಸಿ ದಾರ ಕಡಿದು, ಎರಡು ಮಾತು ಹೇಳಿದಳು.

"ನಾನು ಯಾವಾಗ ಗಾಳಿ ಅಂತ ಕೂಗಿದ್ರೂ ಐದೆಣಿಸೋದ್ರೊಳಗೆ ಹಾಯಿ ಕೆಳಗಿರ್ಬೇಕು. ಇನ್ನೊಂದು, ನೀವು ನೀರಿಗಿಳಿದ ದಿನ ನಾನು ಮನೇಲಿರಕಿಲ್ಲ. ಹೊಣಕೆರೆಗೆ ಓಯ್ತೀನಿ. ಕಾಯ್ತಾ ಕೂರದು ನನ್ ಕೈಲಾಗಲ್ಲ."

"ಆಯ್ತು," ಎಂದ ಪುಟ್ಟರಾಜು.

ಆ ಬೇಸಿಗೆಯೆಲ್ಲ ಹಿತ್ತಲಿನಲ್ಲಿ ಅದೇ ಕೆಲಸ. ಆಫೀಸಿನಿಂದ ಬಂದವನೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹಾಯಿ ಎತ್ತುತ್ತಿದ್ದ. ಅವಳು ಹಾಲು ಕರೆಯುತ್ತಲೋ ಸೊಪ್ಪು ಸೋಸುತ್ತಲೋ ಇದ್ದವಳು ಇದ್ದಕ್ಕಿದ್ದಂತೆ "ಗಾಳಿ!" ಎಂದು ಕೂಗಿ, ಗಟ್ಟಿಯಾಗಿ ಎಣಿಸುತ್ತಿದ್ದಳು. ಒಂದು ಸಂಜೆ ಅವನಿಗೆ ಕುರ್ಚಿಯಲ್ಲೇ ತೂಕಡಿಕೆ ಹತ್ತಿದಾಗ ಕೂಗಿದಳು. ಬೆದರಿ ಎದ್ದವನು ತಪ್ಪು ಹಗ್ಗ ಜಗ್ಗಿದ. ಅವಳು ಹತ್ತರವರೆಗೆ ಎಣಿಸಿ ಒಳಗೆ ಹೋದಳು. ಆಮೇಲೆ ಅವನು ಇಳಿಹಗ್ಗದ ತುದಿಗೆ ಮೂರು ಗಂಟು ಹಾಕಿದ, ಕಣ್ಣುಮುಚ್ಚಿದ್ದರೂ ಕೈಗೆ ತಿಳಿಯಬೇಕೆಂದು. ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ಧನುಶ್ರೀ ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು ಕಳಿಸಿಕೊಟ್ಟಳು. ಅದನ್ನು ತೊಟ್ಟೇ ಅಭ್ಯಾಸ ಮಾಡಬೇಕೆಂದು ತಾಯಿ ಹಠ ಹಿಡಿದಳು. ಬಿಸಿಲಿನಲ್ಲಿ, ಒಣನೆಲದ ಮೇಲೆ, ಕಿತ್ತಳೆ ಜಾಕೆಟ್ಟಿನಲ್ಲಿ ಬೆವರುತ್ತಾ ಕೂತವನನ್ನು ನೋಡಲು ಪಕ್ಕದೂರಿನವರೂ ಬಂದರು.

೨೦೨೪ರ ಜುಲೈ ಕೊನೆಗೆ ಕಟ್ಟೆ ತುಂಬಿತು. ಆಗಸ್ಟಿನ ಒಂದು ಭಾನುವಾರ ರಂಜಿತ ಬೆಳಗಿನ ಬಸ್ಸಿಗೇ ಬ್ಯಾಗು ಹಿಡಿದು ಹೊರಟಳು. ಬಾಗಿಲಲ್ಲಿ ನಿಂತು ಅವನ ಜಾಕೆಟ್ಟಿನ ಪಟ್ಟಿಯನ್ನೊಮ್ಮೆ ಎಳೆದು ನೋಡಿದಳು. ನರಸಯ್ಯ ದೋಣಿಯನ್ನು ನೀರಿಗೆ ದಬ್ಬಿಕೊಟ್ಟು, "ಇವತ್ತು ಮರ ಅತ್ತಬೇಡ" ಎಂದು ತನ್ನ ಬಲೆಯ ಕಡೆ ಹೋದ.

ಪುಟ್ಟರಾಜು ಈ ಸಲ ಮೊದಲು ಗಾಳಿಗೆ ಎದುರಾಗಿ ಪಡುವಣಕ್ಕೆ ಹೊರಟ. ದಣಿವಾದರೆ ಗಾಳಿಯೇ ಊರಿಗೆ ತಂದುಬಿಡಲಿ ಎಂಬ ಎಣಿಕೆ. ಅತ್ತ ಒಂದು ಓರೆ, ಇತ್ತ ಒಂದು ಓರೆ. ಎರಡು ಗಂಟೆ ಕಳೆದರೂ ಊರಿನ ನೀರಿನ ಟ್ಯಾಂಕು ಅಂಗೈಯಗಲ ಕಾಣುತ್ತಲೇ ಇತ್ತು. ದೋಣಿಯಲ್ಲಿ ಅವನಿಗಿದ್ದ ಜಾಗ ಎರಡಡಿ ಅಗಲ. ಕಾಲು ಅಲ್ಲಾಡಿಸುವಂತಿಲ್ಲ, ಹೊರಳುವಂತಿಲ್ಲ. ಬೆನ್ನು ಹಿಡಿದುಕೊಂಡಿತು. ಇದಕ್ಕಾಗಿಯೇ ಇಷ್ಟು ವರ್ಷವೇ ಎಂದು ಒಂದು ಗಳಿಗೆ ಅನ್ನಿಸಿತು.

ಆಗ ನೀರು ದೂರದಲ್ಲಿ ಕಪ್ಪಗಾಯಿತು. ಕಪ್ಪು ಅವನ ಕಡೆಗೇ ಓಡಿಬಂತು. ದೋಣಿ ಒಂದು ಮಗ್ಗುಲಿಗೆ ಎದ್ದಿತು, ಸ್ಟೇ ವೈರು ಹಾಡಿತು. ಕಿವಿಯಲ್ಲಿ ರಂಜಿತ ಕೂಗಿದಂತಾಯಿತು. ಕೈ ತಾನೇ ಹೋಗಿ ಎತ್ತುವ ಹಗ್ಗ ಬಿಟ್ಟಿತು, ಮೂರು ಗಂಟಿನದನ್ನು ಜಗ್ಗಿತು. ಹಾಯಿ ಸರಕ್ಕನೆ ಇಳಿದು ಅವನ ತಲೆಯ ಮೇಲೇ ಕವುಚಿಕೊಂಡಿತು. ನೀಲಿ ಕತ್ತಲೆಯಲ್ಲಿ, ಟಾರ್ಪಾಲಿನ ವಾಸನೆಯಲ್ಲಿ ಅವನು ಉಸಿರು ಹಿಡಿದು ಕೂತ. ದೋಣಿ ಅತ್ತಿತ್ತ ತುಯ್ದಿತು, ಅಷ್ಟೆ. ಗಾಳಿ ತಲೆಯ ಮೇಲಿಂದ ಹಾದು ತನ್ನ ಪಾಡಿಗೆ ಹೋಯಿತು. ಎಷ್ಟೋ ಹೊತ್ತು ಅವನು ಟಾರ್ಪಾಲು ಸರಿಸಲಿಲ್ಲ. ಅಳು ಬಂತು, ಅತ್ತ. ಯಾರೂ ನೋಡುವವರಿರಲಿಲ್ಲ.

ಆಮೇಲೆ ಕೂತಲ್ಲಿಂದಲೇ ಹಾಯಿಯ ಕೆಳಭಾಗವನ್ನು ಎರಡು ಮಡಿ ಮಾಡಿ ಕಟ್ಟಿ, ಅರ್ಧ ಹಾಯಿ ಎತ್ತಿ, ಮೂರು ಗಂಟೆಗೆ ತನ್ನೂರಿನ ದಡ ಮುಟ್ಟಿದ. ದಡದಲ್ಲಿ ಒಂದು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ದೋಣಿಯನ್ನು ಒಬ್ಬನೇ ಮೇಲಕ್ಕೆಳೆಯಲಾರದೆ ಕಲ್ಲಿಗೆ ಕಟ್ಟಿ, ದಾರಿಯಲ್ಲಿ ಮೂರು ಕಡೆ ಕೂತು ಸುಧಾರಿಸಿಕೊಂಡು ಮನೆಗೆ ಬಂದ. ಹೊಣಕೆರೆಗೆ ಫೋನ್ ಮಾಡಿದ.

"ಬಂದ್ರಾ?" ಎಂದಳು ರಂಜಿತ. ಹಿಂದೆ ಹೆಂಗಸರ ನಗು ಕೇಳುತ್ತಿತ್ತು.

"ಬಂದೆ. ಒಂದ್ಸಲ ಇಳುಸ್ಬೇಕಾಯ್ತು."

"ಎಷ್ಟೆಣಿಸೋದ್ರಲ್ಲಿ?"

"ಎಣಿಸ್ನಿಲ್ಲ."

"ಎಣಿಸ್ಬೇಕಿತ್ತು," ಎಂದಳು. "ನಮ್ಮಕ್ಕ ಮಾರಮ್ಮ ಇನ್ನೆರಡು ದಿನ ಇದ್ದೋಗು ಅಂತಾವ್ಳೆ. ಇರ್ತೀನಿ."

ಹಸುವಿನ ಹಾಲು ಕರೆಯುವವರು ಯಾರು ಎನ್ನುವ ಮಾತು ಅವನ ನಾಲಿಗೆಯವರೆಗೆ ಬಂತು. ನುಂಗಿಕೊಂಡ. "ಇದ್ದು ಬಾ," ಎಂದ.

ಕತ್ತಲಾಗುವ ಮೊದಲು ಕೊಟ್ಟಿಗೆಗೆ ಹೋದ. ಕುಕ್ಕರಗಾಲಲ್ಲಿ ಕೂರಲಾರದವನು ಬಕೆಟ್ಟೊಂದನ್ನು ಬೋರಲು ಹಾಕಿ, ಅದರ ಮೇಲೆ ಕೂತು ಎಡಗಾಲನ್ನು ಹಸುವಿನ ಹೊಟ್ಟೆಯಡಿಗೆ ಚಾಚಿದ. ಹೊಸ ಕೈಯೆಂದು ಹಸು ಪಕ್ಕಕ್ಕೆ ಸರಿಯಿತು. ಅವನೂ ಬಕೆಟ್ಟು ಎಳೆದುಕೊಂಡು ಸರಿದ.